ಗೇಟಿನ ಕೆಳಗೆ ಪೈಪ್: ಎರೆ ಮಣ್ಣಿನಲ್ಲಿ ಹೂಳುವುದು ಹೇಗೆ?

ಎರಡು ವರ್ಷದ ಹಿಂದೆ ನಮ್ಮ ಮನೆಯ ಗೇಟಿನಿಂದ ಪೋರ್ಚ್‌ವರೆಗಿನ ಕಾಂಕ್ರೀಟ್ ಒಡೆಸಬೇಕಾಯಿತು. ಹಿತ್ತಲಿನ ಮಳೆನೀರು ಹೊರಗೆ ಹೋಗುತ್ತಲೇ ಇರಲಿಲ್ಲ. ಅಗೆದು ನೋಡಿದರೆ ನಾಲ್ಕು ಇಂಚಿನ ಪೈಪ್ ಮೊಟ್ಟೆಯಂತೆ ಚಪ್ಪಟೆಯಾಗಿತ್ತು. ಒಂದು ಜಾಯಿಂಟ್ ಕಳಚಿ ಎರಡು ಬೆರಳು ಕೆಳಗೆ ಕುಸಿದಿತ್ತು. ಸುತ್ತ ಬರೀ ಎರೆ ಮಣ್ಣು. ಅಗೆದದ್ದನ್ನೇ ಮತ್ತೆ ತುಂಬಿದ್ದರು.

ಎರೆ ಮಣ್ಣಿನ ಗುಣ ಕಲಬುರಗಿಯವರಿಗೆ ಹೊಸದಲ್ಲ. ನೀರು ಕುಡಿದರೆ ಉಬ್ಬುತ್ತದೆ, ಬೇಸಿಗೆಯಲ್ಲಿ ಕೈ ತೂರುವಷ್ಟು ಬಿರುಕು ಬಿಡುತ್ತದೆ. ಪಾಯ ಹಾಕುವಾಗ ಇದು ನೆನಪಿರುತ್ತದೆ. ಪೈಪ್ ಹೂಳುವಾಗ ಮರೆತುಬಿಡುತ್ತೇವೆ. ಎಷ್ಟೇ ಒಳ್ಳೆಯ ಪೈಪ್ ತಂದರೂ ಈ ಮಣ್ಣು ಅದನ್ನು ಹಿಡಿದು ಅಲ್ಲಾಡಿಸುತ್ತದೆ.

ಅಂಗಡಿಗೆ ಹೋಗುವ ಮುಂಚೆ ಒಂದು ಪ್ರಶ್ನೆ ಕೇಳಿಕೊಳ್ಳಿ: ಪೈಪಿನಲ್ಲಿ ಹರಿಯುವುದು ಯಾರ ನೀರು? ನಿಮ್ಮ ಮನೆಯದಷ್ಟೇ ಆದರೆ ಲೆಕ್ಕ ಸುಲಭ. ಒಂದು ಚದರ ಮೀಟರ್ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಒಂದು ಲೀಟರ್. 30x40 ಸೈಟ್ ಸುಮಾರು 111 ಚದರ ಮೀಟರ್. ಗಂಟೆಗೆ 50 ಮಿ.ಮೀ. ಸುರಿದರೆ 5,500 ಲೀಟರ್, ಅಂದರೆ ಸೆಕೆಂಡಿಗೆ ಒಂದೂವರೆ ಲೀಟರ್. ಸರಿಯಾದ ಇಳಿಜಾರಿದ್ದರೆ 110 ಮಿ.ಮೀ. ಪೈಪಿಗೂ ಇದು ಜಾಸ್ತಿಯಲ್ಲ. ಆದರೂ ನಾನು 160 ಮಿ.ಮೀ. ಪೈಪನ್ನೇ ಹಾಕಿಸಿದೆ. ಎಲೆ, ಹೂಳು ಸಿಕ್ಕಿಕೊಳ್ಳುವುದು ಕಡಿಮೆ, ತೊಳೆಯುವುದೂ ಸುಲಭ.

ಗೇಟಿನ ಮುಂದಿನ ಗಟಾರದ ಮೇಲೆ ರ‍್ಯಾಂಪ್ ಮಾಡುತ್ತಿದ್ದರೆ ವಿಷಯವೇ ಬೇರೆ. ಅಲ್ಲಿ ಹರಿಯುವುದು ಇಡೀ ಓಣಿಯ ನೀರು. 300 ಮಿ.ಮೀ.ಗಿಂತ ಸಣ್ಣ ಪೈಪ್ ಬೇಡವೇ ಬೇಡ. ಗಟಾರ ಅದಕ್ಕಿಂತ ಅಗಲವಿದ್ದರೆ ಪೈಪಿನ ಆಸೆ ಬಿಟ್ಟು ಮೇಲೆ ಸ್ಲ್ಯಾಬ್ ಹಾಕಿಸಿ. ನಿಮ್ಮ ಪೈಪ್ ಕಟ್ಟಿಕೊಂಡರೆ ನೀರು ನುಗ್ಗುವುದು ಪಕ್ಕದ ಮನೆಗೆ. ರಸ್ತೆ ಬದಿ ಅಗೆಯುವ ಮುಂಚೆ ಪಾಲಿಕೆಯ ಅನುಮತಿಯನ್ನೂ ತೆಗೆದುಕೊಳ್ಳಿ.

ಇನ್ನು ಪೈಪಿನ ಜಾತಿ. ತಾರಸಿಯಿಂದ ಗೋಡೆ ಮೇಲೆ ಇಳಿಸುವ ಎಸ್‌ಡಬ್ಲ್ಯೂಆರ್ ಪೈಪನ್ನೇ ಗಾಡಿ ಓಡಾಡುವ ಕಡೆ ಹೂಳುವುದು ಎಲ್ಲ ಕಡೆ ಕಾಣುವ ತಪ್ಪು. ನೆಲದೊಳಗಿನ ಪಿವಿಸಿ ಪೈಪ್ ಬೇರೆ. ಅದರ ಮೈಮೇಲೆ ಐಎಸ್ 15328 ಅಂತ ಅಚ್ಚಾಗಿರುತ್ತದೆ, ಜೊತೆಗೆ ಎಸ್‌ಎನ್ 2, 4 ಅಥವಾ 8. ಈ ಅಂಕಿ ಹೆಚ್ಚಾದಷ್ಟೂ ಪೈಪ್ ಗಟ್ಟಿ. 8 ತಗೊಳ್ಳಿ. ನಿಮ್ಮ ಕಾರು ಹಗುರ ಇರಬಹುದು. ಆದರೆ ಬೇಸಿಗೆಯಲ್ಲಿ ನೀರಿನ ಟ್ಯಾಂಕರ್ ಬರುತ್ತದೆ ಅಲ್ವಾ? 5,000 ಲೀಟರ್ ಅಂದರೆ ನೀರೇ ಐದು ಟನ್. ಪೈಪಿನ ಮೇಲೆ ಒಂದು ಅಡಿಯೂ ಮಣ್ಣು ಸಿಗದ ಜಾಗದಲ್ಲಿ ಸಿಮೆಂಟಿನ ಹ್ಯೂಮ್ ಪೈಪ್ ಒಳ್ಳೆಯದು. ಅದರಲ್ಲಿ ಎನ್‌ಪಿ3 ದರ್ಜೆಯದು ಕೇಳಿ, ಎನ್‌ಪಿ2 ಹಗುರ ಓಡಾಟಕ್ಕೆ ಮಾತ್ರ.

ಕೆಲಸವನ್ನು ಮಿರಗ (ಮೃಗಶಿರ) ಮಳೆಗೆ ಮುಂಚೆಯೇ, ಅಂದರೆ ಜೂನ್ ಶುರುವಿನೊಳಗೆ ಮುಗಿಸಿ. ಒದ್ದೆ ಎರೆಯಲ್ಲಿ ತಗ್ಗು ತೋಡಿದರೆ ತಳವೇ ಕೆಸರಾಗುತ್ತದೆ. ಪೈಪಿನ ಎರಡೂ ಬದಿ ಅರ್ಧ ಅಡಿ ಜಾಗ ಇರುವಷ್ಟು ಅಗಲ ಬೇಕು. ಪೈಪ್ ಕೂರುವ ಮಟ್ಟಕ್ಕಿಂತ ಅರ್ಧ ಅಡಿ ಜಾಸ್ತಿ ಆಳಕ್ಕೆ ಹೋಗಿ. ಅಗೆದ ಕರಿ ಮಣ್ಣನ್ನು ಅವತ್ತೇ ಸಾಗಿಸಿಬಿಡಿ. ಪಕ್ಕದಲ್ಲಿ ಗುಡ್ಡೆ ಹಾಕಿದ್ದರೆ ಸಂಜೆ ಹೊತ್ತಿಗೆ ಯಾರಾದರೂ ಅದನ್ನೇ ಒಳಗೆ ತಳ್ಳುತ್ತಾರೆ. ಬೀದರ್ ಊರಿನ ಜಂಬಿಟ್ಟಿಗೆ ನೆಲದವರಿಗೆ ಎರೆ ಮಣ್ಣಿನ ಈ ಕಾಟ ಅಷ್ಟಿಲ್ಲ.

ತಳಕ್ಕೆ ಮುರುಮ್, ಅಂದರೆ ಗರಸು, ಅರ್ಧ ಅಡಿ ಹಾಕಿ ಸ್ವಲ್ಪ ನೀರು ಚಿಮುಕಿಸಿ ದಮ್ಮಸು ಹೊಡೆಸಿ. ಇಳಿಜಾರು ನೂರಕ್ಕೆ ಒಂದು. ಹತ್ತು ಅಡಿಗೆ ಒಂದೂಕಾಲು ಇಂಚು ಅಂತ ಇಟ್ಟುಕೊಳ್ಳಿ. ಕಣ್ಣಂದಾಜು ಬೇಡ. ಗೌಂಡಿಯ ಹತ್ತಿರ ನೀರು ತುಂಬಿದ ಲೆವೆಲ್ ಟ್ಯೂಬ್ ಇರುತ್ತದೆ, ಎದುರಿಗೇ ಹಿಡಿಸಿ ನೋಡಿ. ಜೋಡಣೆ ಶುರುವಾಗಬೇಕಾದ್ದು ತಗ್ಗಿನ ತುದಿಯಿಂದ, ಪೈಪಿನ ಅಗಲ ಬಾಯಿ ನೀರು ಬರುವ ದಿಕ್ಕಿಗೆ.

ಮುಚ್ಚುವ ಮುಂಚೆ ಆ ತುದಿಯಲ್ಲಿ ಒಬ್ಬರು ಮೊಬೈಲ್ ಟಾರ್ಚ್ ಹಿಡಿಯಲಿ, ಈ ತುದಿಯಿಂದ ನೀವು ಬಗ್ಗಿ ನೋಡಿ. ಬೆಳಕು ದುಂಡಗೆ ಕಂಡರೆ ಸರಿ. ಅರ್ಧಚಂದ್ರದ ಹಾಗೆ ಕಂಡರೆ ಮಧ್ಯೆ ಎಲ್ಲೋ ಬಾಗಿದೆ. ಒಂದು ಕೊಡ ನೀರನ್ನೂ ಸುರಿಯಿರಿ, ಜಾಯಿಂಟ್ ಜಿನುಗುತ್ತದಾ ನೋಡಿ.

ತುಂಬುವುದೂ ಮುರುಮ್‌ನಿಂದಲೇ. ಮೊದಲು ಪೈಪಿನ ಎರಡು ಬಗಲಿಗೆ ಕೈಯಿಂದ, ಕೋಲಿನಿಂದ ತುರುಕಿ ಗಟ್ಟಿ ಮಾಡಿಸಿ. ಪೈಪ್ ಭಾರ ತಡೆಯುವುದೇ ಈ ಬಗಲಿನ ಆಸರೆಯಿಂದ. ನಮ್ಮ ಮನೆಯಲ್ಲಿ ಮೊಟ್ಟೆಯಾದದ್ದು ಇದು ಇಲ್ಲದ್ದಕ್ಕೆ. ಆಮೇಲೆ ಅರ್ಧ ಅಡಿಗೊಂದು ಪದರ, ಪ್ರತಿ ಪದರಕ್ಕೂ ದಮ್ಮಸು. ಪೈಪಿನ ಸರೀ ಮೇಲಿನ ಮೊದಲ ಪದರಕ್ಕೆ ಮಾತ್ರ ಹಗುರವಾಗಿ.

ನೀರು ಒಳಗೆ ಬರುವ ತುದಿಯಲ್ಲಿ ಒಂದು ಸಣ್ಣ ಚೇಂಬರ್ ಕಟ್ಟಿಸಿ. ಅದರ ತಳ ಪೈಪಿಗಿಂತ ಅರ್ಧ ಅಡಿ ಕೆಳಗಿರಲಿ, ಹೂಳು ಅಲ್ಲೇ ನಿಲ್ಲುತ್ತದೆ. ಮೇಲೆ ಜಾಳಿಗೆ. ಗಾಡಿ ಹಾಯುವ ಕಡೆ ಚೇಂಬರಿಗೆ ಶಹಾಬಾದ್ ಫರ್ಸಿ ಮುಚ್ಚಬೇಡಿ. ನೆಲಕ್ಕೆ ಅದಕ್ಕಿಂತ ಚೆಂದದ ಕಲ್ಲಿಲ್ಲ, ಆದರೆ ಕೆಳಗೆ ಪೊಳ್ಳಿದ್ದರೆ ಚಕ್ರದ ಭಾರಕ್ಕೆ ಬಿರಿಯುತ್ತದೆ. ಕಬ್ಬಿಣ ಹಾಕಿದ ಕಾಂಕ್ರೀಟ್ ಮುಚ್ಚಳವೇ ಬೇಕು.

ಮೇಲಿನ ಕಾಂಕ್ರೀಟಿಗೆ ಅವಸರ ಮಾಡಬೇಡಿ. ಒಂದು ಮಳೆಗಾಲ ಮುರುಮ್ ಹಾಗೇ ಇರಲಿ. ಉತ್ತರಿ, ಹಸ್ತ ಮಳೆ ಕಳೆಯಲಿ. ಕುಸಿದ ಕಡೆ ಇನ್ನೊಂದೆರಡು ಬುಟ್ಟಿ ಸುರಿದು ದಮ್ಮಸು ಹೊಡೆಸಿ, ದೀಪಾವಳಿ ಆದಮೇಲೆ ಗೌಂಡಿಯನ್ನು ಕರೆಯಿರಿ.