ಪ್ಲಗ್ ಅಲ್ಲ, ಕಾಯಿಲ್‌ನ ಎರಡು ವೈರ್: ಹಳೇ ಜಿಪ್ಸಿಯ ಮಿಸ್ಸಿಂಗ್ ನಿಂತ ಬಗೆ

ಸ್ಪಾರ್ಕ್ ಬರ್ತಿದೆ ಅಂದಮೇಲೆ ಕಾಯಿಲ್ (ಬ್ಯಾಟರಿ ಕರೆಂಟನ್ನು ಪ್ಲಗ್ಗಿಗೆ ಬೇಕಾದ ಹೈ ವೋಲ್ಟೇಜ್ ಮಾಡಿ ಕೊಡುವ ಡಬ್ಬಿ) ಕನೆಕ್ಷನ್ ಸರಿಯಾಗಿಯೇ ಇರುತ್ತದೆ ಅಂತ ನನಗೆ ಪಾಠ ಹೇಳಿದವರೆಲ್ಲ ಈಗ ತಮ್ಮ ಗಾಡಿಯ ಬಾನೆಟ್ ಎತ್ತಿ ಪ್ಲಸ್ಸು ಮೈನಸ್ಸು ನೋಡುತ್ತಿದ್ದಾರೆ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ನನ್ನದು ಹಳೇ ಎಂಜಿ 410 ಜಿಪ್ಸಿ. 970 ಸಿಸಿ, ಕಾರ್ಬ್ಯುರೇಟರ್, ಪಾಯಿಂಟ್ (ಕಾಯಿಲ್ಲಿನ ಕರೆಂಟು ಕೊಟ್ಟು ಕಡಿಯುವ ಸ್ವಿಚ್ಚು) ಇರುವ ಡೆಲ್ಕೋ, ಅಂದರೆ ಸ್ಪಾರ್ಕನ್ನು ನಾಲ್ಕೂ ಪ್ಲಗ್ಗಿಗೆ ಸರದಿಯಂತೆ ಹಂಚುವ ಡಿಸ್ಟ್ರಿಬ್ಯೂಟರ್. ಹಿಂದಿನ ಸೀಟು ಕಿತ್ತು ತಗಡು ಹಾಸಿ ಪಿಕಪ್ ಮಾಡಿಕೊಂಡು ಎಷ್ಟೋ ವರ್ಷವಾಯಿತು. ತೋಟ ಬಣಕಲ್ ಕಡೆ. ಗೊಬ್ಬರ, ಪೈಪು, ಕಾಫಿ ಮೂಟೆ ಎಲ್ಲಾ ಇದರಲ್ಲೇ. ಉಜಿರೆಯಿಂದ ಸಾಮಾನು ಹೇರಿಕೊಂಡು ಚಾರ್ಮಾಡಿ ಘಾಟಿ ಹತ್ತಿ ಕೊಟ್ಟಿಗೆಹಾರ ಮುಟ್ಟುವುದೇ ಇದಕ್ಕೆ ನಿಜವಾದ ಪರೀಕ್ಷೆ.

ತೊಂದರೆ ಏನೆಂದರೆ, ಐಡ್ಲಿಂಗ್ ಚೆನ್ನ, ಸಪಾಟು ರಸ್ತೆಯಲ್ಲೂ ಚೆನ್ನ. ಘಾಟಿಯಲ್ಲಿ ಲೋಡ್ ಇಟ್ಟು ಎರಡನೇ ಗೇರಿನಲ್ಲಿ ಆಕ್ಸಿಲರೇಟರ್ ಒತ್ತಿದರೆ ಮಿಸ್ ಹೊಡೆಯಲು, ಅಂದರೆ ಸಿಲಿಂಡರಿನಲ್ಲಿ ಪೆಟ್ರೋಲು ಹೊತ್ತಿಕೊಳ್ಳದೆ ತಪ್ಪಲು, ಶುರು. ಸೈಲೆನ್ಸರಿನಲ್ಲಿ ಪಟ್ ಪಟ್, ಗಾಡಿ ಜರ್ಕು. ಮಳೆ ಇದ್ದರಂತೂ ಕೇಳುವುದೇ ಬೇಡ. ಹೊಸ ಪ್ಲಗ್ ಹಾಕಿದರೆ ಎಲ್ಲಾ ಸರಿಹೋಗುತ್ತಿತ್ತು. ಆದರೆ ಹದಿನೈದು ನೂರು ಕಿಲೋಮೀಟರ್ ಓಡುವಷ್ಟರಲ್ಲಿ ಮತ್ತೆ ಅದೇ ಕಥೆ. ಮೊದಲು ಇದೇ ಗಾಡಿಯಲ್ಲಿ ಒಂದು ಸೆಟ್ ಪ್ಲಗ್ ಹತ್ತು ಹನ್ನೆರಡು ಸಾವಿರ ಆರಾಮಾಗಿ ಬರುತ್ತಿತ್ತು.

ದುಡ್ಡು ಹೋದ ಲೆಕ್ಕ ನೆನಪಿದ್ದಷ್ಟು ಹೇಳುತ್ತೇನೆ. ಪ್ಲಗ್ ಒಂದಕ್ಕೆ ನೂರೈವತ್ತರ ಆಸುಪಾಸು, ನಾಲ್ಕರ ಸೆಟ್ಟು ಮತ್ತೆ ಮತ್ತೆ. ಡೆಲ್ಕೋ ಕ್ಯಾಪ್, ರೋಟರ್, ಪಾಯಿಂಟ್, ಕಂಡೆನ್ಸರ್ ಸೇರಿ ಸಾವಿರದ ಮೇಲೆ. ಪ್ಲಗ್ ವೈರ್ ಸೆಟ್ ಎಂಟುನೂರು. ಕಾರ್ಬ್ಯುರೇಟರ್ ಕಿಟ್ ಹಾಕಿ ಕೂಲಿ ಸೇರಿಸಿ ಮೂರೂವರೆ ಸಾವಿರ. ಕಾಯಿಲ್ ಇನ್ನೊಮ್ಮೆ ಹೊಸದು, ಹನ್ನೆರಡು ನೂರು. ಒಟ್ಟು ಹನ್ನೆರಡು ಸಾವಿರ ದಾಟಿತ್ತು. ಇಷ್ಟಾದ ಮೇಲೆ ಒಂದು ಗ್ಯಾರೇಜಿನಲ್ಲಿ, "ಗೌಡ್ರೇ, ಇಂಜಿನ್ ಬಿಚ್ಚಿ ಬೋರಿಂಗ್ ಮಾಡಿಸಿ, ಐವತ್ತು ಸಾವಿರದೊಳಗೆ ಮುಗಿಸಿಕೊಡ್ತೀನಿ" ಅಂದರು. ಸಿಲಿಂಡರುಗಳ ಕಂಪ್ರೆಶನ್ (ಒಳಗಿನ ಒತ್ತಡ) ನಾನೇ ಗೇಜ್ ಹಾಕಿ ನೋಡಿದ್ದೆ, ನಾಲ್ಕೂ ಹೆಚ್ಚುಕಮ್ಮಿ ಒಂದೇ ಸಮ ಇತ್ತು. ಸವೆದ ಸಿಲಿಂಡರ್ ಕೊರೆಯುವ ಬೋರಿಂಗ್ ಯಾಕೆ ಮಾಡಿಸಲಿ?

ಕಾರ್ಬ್ಯುರೇಟರ್ ಖರ್ಚು ಮಾತ್ರ ದಂಡ ಅನ್ನಲಾರೆ. ಈಗಿನ ಶೇಕಡಾ 20 ಎಥನಾಲ್ ಪೆಟ್ರೋಲು ಹಳೇ ರಬ್ಬರಿಗೆ ಆಗಿಬರುವುದಿಲ್ಲ. ಫ್ಲೋಟ್ ನೀಡಲ್‌ನ ತುದಿ ಮೆತ್ತಗಾಗಿತ್ತು, ಪಂಪಿನ ಡಯಾಫ್ರಂ ಉಬ್ಬಿತ್ತು. ನಮ್ಮ ಕಡೆಯ ಮಳೆಗಾಲದಲ್ಲಿ ಈ ಪೆಟ್ರೋಲು ತೇವ ಬೇರೆ ಎಳೆದುಕೊಳ್ಳುತ್ತದೆ, ಟ್ಯಾಂಕ್ ಅರ್ಧ ಖಾಲಿ ಬಿಟ್ಟು ವಾರಗಟ್ಟಲೆ ನಿಲ್ಲಿಸಬೇಡಿ. ಅದಿರಲಿ, ಮಿಸ್ಸಿಂಗ್ ಮಾತ್ರ ಇದರಿಂದ ಹೋಗಲಿಲ್ಲ.

ಬಿಚ್ಚಿದ ಪ್ಲಗ್ ಎಸೆಯುವ ಅಭ್ಯಾಸ ನನಗಿಲ್ಲ. ಸಿಲಿಂಡರ್ ನಂಬರ್ ಬರೆದು ಡಬ್ಬಿಯಲ್ಲಿ ಇಡುತ್ತೇನೆ. ಎಲ್ಲರೂ ಪ್ಲಗ್ಗಿನ ಬಣ್ಣ ನೋಡುತ್ತಾರೆ. ನನ್ನವು ಕಂದು ಬಣ್ಣಕ್ಕೆ ಚೆನ್ನಾಗಿಯೇ ಇದ್ದವು, ಮಸಿ ಇಲ್ಲ, ಆಯಿಲ್ ಇಲ್ಲ. ಒಂದು ದಿನ ಹಳೇ ಸೆಟ್ಟನ್ನೂ ಹೊಸ ಸೆಟ್ಟನ್ನೂ ಪಕ್ಕಪಕ್ಕ ಇಟ್ಟು ಭೂತಕನ್ನಡಿಯಲ್ಲಿ ನೋಡಿದೆ. ಹತ್ತು ಸಾವಿರ ಓಡಿದ ಹಳೇ ಪ್ಲಗ್ಗಿನಲ್ಲಿ ನಡುವಿನ ಎಲೆಕ್ಟ್ರೋಡ್ ದುಂಡಗೆ ಸವೆದಿತ್ತು, ಮೇಲಿನ ಬಾಗಿದ ಕೊಕ್ಕೆ ಹೆಚ್ಚು ಸವೆದಿರಲಿಲ್ಲ. ಹದಿನೈದು ನೂರು ಮಾತ್ರ ಓಡಿದ್ದರಲ್ಲಿ ನಡುವಿನದು ಇನ್ನೂ ಚೂಪಾಗಿದೆ, ಕೊಕ್ಕೆಯ ಒಳಮೈಯಲ್ಲಿ ಒರಳಿನ ಹಾಗೆ ಗುಳಿ ಬಿದ್ದಿದೆ! ನಾಲ್ಕರಲ್ಲೂ ಹಾಗೇ. ಒಂದೇ ಸಿಲಿಂಡರಿನಲ್ಲಿ ಆಗಿದ್ದರೆ ಆ ಸಿಲಿಂಡರಿನದ್ದೇ ದೋಷ ಅನ್ನಬಹುದಿತ್ತು. ನಾಲ್ಕಕ್ಕೂ ಸೇರಿದ್ದು ಒಂದೇ, ಕಾಯಿಲ್.

ಸ್ಪಾರ್ಕ್ ನಡುವಿನ ಎಲೆಕ್ಟ್ರೋಡಿನಿಂದ ಕೊಕ್ಕೆಗೆ ಹಾರಬೇಕು, ಅಂದರೆ ನಡುವಿನದು ಮೈನಸ್ ಆಗಿರಬೇಕು. ಅದು ಹೆಚ್ಚು ಕಾದಿರುವುದರಿಂದ ಸುಲಭವಾಗಿ ಹಾರುತ್ತದೆ. ಕಾಯಿಲ್‌ನ ಎರಡು ಸಣ್ಣ ವೈರ್ ಅದಲುಬದಲಾದರೆ ತಣ್ಣಗಿನ ಕೊಕ್ಕೆಯಿಂದ ಉಲ್ಟಾ ಹಾರಬೇಕು, ಅದಕ್ಕೆ ವೋಲ್ಟೇಜು ಸುಮಾರು ಕಾಲು ಭಾಗ ಹೆಚ್ಚು ಬೇಕು. ಐಡ್ಲಿಂಗಿನಲ್ಲಿ ಕಾಯಿಲ್ ಅಷ್ಟನ್ನೂ ಕೊಡುತ್ತದೆ, ಗೊತ್ತೇ ಆಗುವುದಿಲ್ಲ. ಘಾಟಿಯಲ್ಲಿ ಲೋಡ್ ಬಿದ್ದಾಗ ಸಾಲದು. ಪ್ಲಗ್ ಹೊಸದಿದ್ದಾಗ ಎಲೆಕ್ಟ್ರೋಡಿಗೂ ಕೊಕ್ಕೆಗೂ ನಡುವಿನ ಗ್ಯಾಪ್ ಕಡಿಮೆ, ಅಂಚು ಚೂಪು, ಹೇಗೋ ನಡೆಯುತ್ತದೆ. ಸ್ವಲ್ಪ ಸವೆಯಿತೋ, ಮಿಸ್ಸಿಂಗ್. ತೊಂದರೆ ಶುರುವಾದದ್ದೂ ಒಂದು ಮಳೆಗಾಲದ ಮುಂಚೆ ಹೊರಗಡೆ ಕಾಯಿಲ್ ಬದಲಿಸಿದ ಮೇಲೆಯೇ. ಎರಡನೇ ಕಾಯಿಲ್ ಹಾಕಿದವರು ಮೊದಲಿನ ವೈರ್ ಎಲ್ಲಿತ್ತೋ ಅಲ್ಲಿಗೇ ಸಿಕ್ಕಿಸಿದ್ದರು.

ಇದನ್ನು ಹೇಳಿದರೆ ಒಬ್ಬರೂ ನಂಬಲಿಲ್ಲ. "ಎಸಿ ಕರೆಂಟಿನ ಹಾಗೆ ಹೊಡೆಯೋದು ಮಾರಾಯ್ರೆ, ಅದಕ್ಕೆಂಥ ಉಲ್ಟಾ ಸೀದಾ?" ಅಂತ ಇಪ್ಪತ್ತು ವರ್ಷದಿಂದ ಗಾಡಿ ಬಿಚ್ಚುತ್ತಿರುವ ಒಬ್ಬರು ನಕ್ಕರು.

ಪರೀಕ್ಷೆ ಮಾಡಿ ತೋರಿಸಲು ಒಂದು ಪೆನ್ಸಿಲ್ ತೆಗೆದುಕೊಂಡು ಬಂದೆ. ಕತ್ತಲಲ್ಲಿ ಇಂಜಿನ್ ಓಡುತ್ತಿರುವಾಗ ಒಂದು ಪ್ಲಗ್ಗಿನ ವೈರ್ ತೆಗೆದು, ರಬ್ಬರ್ ಹಿಡಿಯ ಇಕ್ಕಳದಲ್ಲಿ ಹಿಡಿದು, ಪ್ಲಗ್ ತುದಿಯಿಂದ ಐದಾರು ಮಿಲಿಮೀಟರ್ ದೂರ ನಿಲ್ಲಿಸಬೇಕು. ನಡುವೆ ಪೆನ್ಸಿಲ್ ಸೀಸದ ಮೊನೆ. ಮೊನೆಯಿಂದ ಪ್ಲಗ್ ಕಡೆಗೆ ಕಿಡಿ ಅರಳಿದರೆ ಸರಿ, ವೈರ್ ಕಡೆಗೆ ಅರಳಿದರೆ ಉಲ್ಟಾ. ನನ್ನದು ವೈರ್ ಕಡೆಗೆ ಚೆನ್ನಾಗಿಯೇ ಅರಳಿತು. ಪೆನ್ಸಿಲನ್ನೂ ಬರಿಗೈಯಲ್ಲಿ ಹಿಡಿಯಬೇಡಿ, ಮಳೆಗಾಲದ ಒದ್ದೆ ಕೈಗೆ ಹೊಡೆತ ಜೋರಿರುತ್ತದೆ.

ವೈರ್ ಎರಡನ್ನೂ ಬದಲಿಸಿದೆ. ಇಗ್ನಿಷನ್ ಸ್ವಿಚ್ಚಿನಿಂದ ಬರುವುದು ಪ್ಲಸ್ಸಿಗೆ, ಡೆಲ್ಕೋಗೆ ಹೋಗುವುದು ಮೈನಸ್ಸಿಗೆ. ಖರ್ಚು ಸೊನ್ನೆ. ಗುಳಿ ಬಿದ್ದ ಅದೇ ಪ್ಲಗ್ಗಿಗೆ ಗ್ಯಾಪ್ ಮಾತ್ರ 0.7 ಮಿಲಿಮೀಟರಿಗೆ ಕೂರಿಸಿ, ಆರೇಳು ಮೂಟೆ ಹೇರಿ ಮಳೆಯಲ್ಲೇ ಚಾರ್ಮಾಡಿ ಹತ್ತಿಸಿದೆ. ಒಂದು ಮಿಸ್ಸೂ ಇಲ್ಲ. ಗ್ಯಾಪ್ ಕೂರಿಸಿದ್ದರಿಂದಲೇ ಹೋಯಿತು ಅಂದವರನ್ನು ಪಕ್ಕದಲ್ಲಿ ಕೂರಿಸಿಕೊಂಡು, ವೈರ್ ಮತ್ತೆ ಉಲ್ಟಾ ಹಾಕಿ, ಅದೇ ತಿರುವಿನಲ್ಲಿ ಅದೇ ಲೋಡಿನಲ್ಲಿ ಹತ್ತಿಸಿದೆ. ಎರಡನೇ ತಿರುವಿಗೇ ಪಟ್ ಪಟ್. ರಸ್ತೆ ಬದಿ ನಿಲ್ಲಿಸಿ ವೈರ್ ಸರಿ ಮಾಡಿದೆ, ಮೇಲಿನವರೆಗೆ ಎಳೆದುಕೊಂಡು ಹೋಯಿತು. ನಕ್ಕಿದ್ದವರು ಕೊಟ್ಟಿಗೆಹಾರದಲ್ಲಿ ನೀರು ದೋಸೆ ಕೊಡಿಸಿದರು.

ನಡುವೆ ಬೇರೆ ಪ್ರಯೋಗಗಳೂ ಆದವು. ಗ್ಯಾಪ್ 0.6ಕ್ಕೆ ಇಳಿಸಿದ್ದೆ, ಉಲ್ಟಾ ವೈರಿನಲ್ಲೂ ಘಾಟಿ ಹತ್ತಿತು, ಆದರೆ ಐಡ್ಲಿಂಗ್ ಕೆಟ್ಟಿತು. ಇರಿಡಿಯಂ ಪ್ಲಗ್ ತೆಳು ಮೊನೆಯಿಂದಾಗಿ ಹೆಚ್ಚು ದಿನ ತಡೆಯಿತು, ಆ ಬೆಲೆಗೆ ಈ ಗಾಡಿಗೆ ಬೇಡ. ಡೆಲ್ಕೋಗೆ ಬೈಕ್ ಟ್ಯೂಬ್ ಕತ್ತರಿಸಿ ಮುಸುಕು ಹಾಕಿದ್ದೇನೆ, ಕೆಳಗೆ ಗಾಳಿಗೆ ದಾರಿ ಬಿಡಬೇಕು, ಇಲ್ಲವಾದರೆ ಒಳಗೇ ಬೆವರುತ್ತದೆ. ಕ್ಯಾಪ್ ಒಳಗೆ ನಾನು ಹಚ್ಚುವ ವಸ್ತು ಮತ್ತು ಅದನ್ನು ಹಚ್ಚುವ ಕ್ರಮ ಇಲ್ಲಿ ಹೇಳುವುದಿಲ್ಲ, ತೋಟಕ್ಕೆ ಬಂದರೆ ತೋರಿಸುತ್ತೇನೆ.

ಈಗಿನ ಸೆಟ್ ಎಂಟು ಸಾವಿರ ದಾಟಿದೆ, ಕೊಕ್ಕೆಯಲ್ಲಿ ಗುಳಿ ಇಲ್ಲ. ಪಾಯಿಂಟ್ ಬದಲು ಎಲೆಕ್ಟ್ರಾನಿಕ್ ಇಗ್ನಿಷನ್ ಇರುವವರು ವೈರ್ ಉಲ್ಟಾ ಹಾಕಿ ನೋಡುವ ಪ್ರಯೋಗಕ್ಕೆ ಹೋಗಬೇಡಿ, ಮಾಡ್ಯೂಲ್ ಸುಟ್ಟೀತು. ಕಾಯಿಲ್ ಮೇಲಿನ ಗುರುತು ನೋಡಿಯೇ ನಿರ್ಧರಿಸಿ. ಒಂದೇ ಕಾಯಿಲ್ ಎರಡು ಪ್ಲಗ್ಗಿಗೆ ಒಟ್ಟಿಗೆ ಹೊಡೆಯುವ ಎಂಪಿಎಫ್‌ಐ (ಕಾರ್ಬ್ಯುರೇಟರ್ ಬದಲು ಇಂಜೆಕ್ಷನ್ ಇರುವ) ಗಾಡಿಗಳಲ್ಲಿ ಎರಡರಲ್ಲೊಂದು ಪ್ಲಗ್ ಯಾವಾಗಲೂ ಉಲ್ಟಾ ಹಾರುವುದೇ ಲೆಕ್ಕ, ಅಲ್ಲಿ ಎರಡು ಪ್ಲಗ್ಗಿನ ಕೊಕ್ಕೆ ಮಾತ್ರ ಸವೆದಿದ್ದರೆ ಕಾಯಿಲ್ ಬಿಚ್ಚಲು ಹೋಗಬೇಡಿ.