ಅಬ್ಬಿ ನೀರಲ್ಲಿ ನಡೆದ ಕ್ಲೌಡ್ ಚೇಂಬರ್: ನನ್ನ ಅನುಭವ

ಕ್ಲೌಡ್ ಚೇಂಬರ್ ಅಂದರೆ ತಳದ ತಟ್ಟೆಯನ್ನು ಚೆನ್ನಾಗಿ ತಣ್ಣಗಿಟ್ಟು ಆಲ್ಕೋಹಾಲ್ ಆವಿ ತುಂಬಿಸಿದ ಗಾಜಿನ ಪೆಟ್ಟಿಗೆ; ಕಣ್ಣಿಗೆ ಕಾಣದ ವಿಕಿರಣದ ಕಣಗಳು ಹಾದ ದಾರಿ ಅದರಲ್ಲಿ ಮಂಜಿನ ಗೆರೆಯಾಗಿ ಕಾಣುತ್ತದೆ. ಡ್ರೈ ಐಸ್ (ಗಟ್ಟಿಯಾದ ಕಾರ್ಬನ್ ಡೈಆಕ್ಸೈಡ್) ಇಲ್ಲದೆ ಅದು ಆಗಲ್ಲ, ಅದೂ ತೀರ್ಥಹಳ್ಳಿ ಮಳೆಗಾಲದಲ್ಲಂತೂ ಬಿಟ್ಟೇಬಿಡಿ ಅಂದವರು ಬಹಳ ಜನ. ಈ ಆಷಾಢದ ಜಡಿಮಳೆಯಲ್ಲೇ ನಮ್ಮ ಅಡಿಕೆ ಕೋಣೆಯಲ್ಲಿ ಆಲ್ಫಾ, ಎಲೆಕ್ಟ್ರಾನ್, ಮ್ಯೂವಾನ್ ಮೂರರ ಗೆರೆಗಳೂ ಕಂಡಿವೆ. ನೋಡಬೇಕೆಂದವರು ಬರಬಹುದು.

ದುಡ್ಡು ಹೋಗಿದ್ದು ಮೊದಲು ಡ್ರೈ ಐಸಿಗೇ. ಬೆಂಗಳೂರಿಂದ ರಾತ್ರಿ ತರಿಸಿದರೆ ಬೆಳಗಾಗುವಷ್ಟರಲ್ಲಿ ಅರ್ಧ ಆವಿ. ಸಲಕ್ಕೆ ಸಾವಿರ, ಸಾವಿರದೈನೂರು. ದನಗಳ ಕೃತಕ ಗರ್ಭಧಾರಣೆಗೆ ಇಡುವ ದ್ರವ ಸಾರಜನಕವನ್ನೂ ಪರಿಚಯದವರಿಂದ ಸ್ವಲ್ಪ ತಂದು ನೋಡಿದೆ. ಮೈನಸ್ 196 ಡಿಗ್ರಿ! ಆಲ್ಕೋಹಾಲೇ ಗಟ್ಟಿಯಾಗಿ ಕೂತಿತು.

ಆಮೇಲೆ ಪೆಲ್ಟಿಯರ್, ಕರೆಂಟ್ ಕೊಟ್ಟರೆ ಒಂದು ಮೈ ತಣ್ಣಗೆ, ಇನ್ನೊಂದು ಮೈ ಬಿಸಿಯಾಗುವ ಬಿಲ್ಲೆ. 12706 ಅನ್ನುವ ಮಾದರಿಯ ಎರಡನ್ನು ಒಂದರ ಮೇಲೊಂದು ಇಟ್ಟು, ಹಳೇ ಕಂಪ್ಯೂಟರ್ ಪವರ್ ಸಪ್ಲೈನಿಂದ ಕೆಳಗಿನದಕ್ಕೆ 12 ವೋಲ್ಟ್, ಮೇಲಿನದಕ್ಕೆ 5. ಬಿಸಿ ಹೊರಹಾಕಲು ಫ್ಯಾನ್ ಹಾಕಿದ ಹೀಟ್‌ಸಿಂಕಿನಲ್ಲಿ ತಟ್ಟೆ ಮೈನಸ್ 12ರ ಆಸುಪಾಸಿಗೆ ಬಂದು ನಿಂತುಬಿಡುತ್ತಿತ್ತು. ಕರೆಂಟ್ ಹೋಗಿಬರುವ ಆಟದಲ್ಲಿ ಮೂರ್ನಾಲ್ಕು ಪೆಲ್ಟಿಯರ್ ಸುಟ್ಟವು, ಒಂದಕ್ಕೆ ಇನ್ನೂರೈವತ್ತರ ಹಾಗೆ.

ಕೆಲಸ ಹಿಡಿದಿದ್ದು ಅಬ್ಬಿ ನೀರು. ಗುಡ್ಡದಿಂದ ಪೈಪಲ್ಲಿ ಹಗಲೂರಾತ್ರಿ ಹರಿದುಬರುವ ನೀರು, ಮಳೆಗಾಲದಲ್ಲಿ 20-21 ಡಿಗ್ರಿ ಇರುತ್ತದೆ. ಅದನ್ನೇ ಪೆಲ್ಟಿಯರಿನ ಬಿಸಿ ಮೈಗೆ ತಾಗಿಸಿಟ್ಟ ಅಲ್ಯೂಮಿನಿಯಂ ವಾಟರ್ ಬ್ಲಾಕಿಗೆ (ಒಳಗೆ ನೀರು ಹರಿಯುವ ಟೊಳ್ಳು ಗಟ್ಟಿ) ಕೊಟ್ಟು, ಹೊರಬಂದದ್ದನ್ನು ತೋಟಕ್ಕೆ ಬಿಟ್ಟೆ. ಪಂಪ್ ಬೇಡ, ಫ್ಯಾನ್ ಬೇಡ. ಹತ್ತು ನಿಮಿಷದೊಳಗೆ ತಟ್ಟೆ ಮೈನಸ್ 30ರ ಹತ್ತಿರ.

ಉಳಿದ ಕಾಟ ತೇವದ್ದು. ಮೆಡಿಕಲ್ ಶಾಪಿನ 70 ಪರ್ಸೆಂಟ್ ಐಸೋಪ್ರೊಪೈಲ್ ಆಲ್ಕೋಹಾಲ್ ನಡೆಯಲ್ಲ, ಅದರಲ್ಲಿರುವ ನೀರೇ ತಟ್ಟೆಯ ಮೇಲೆ ಹಿಮ ಕಟ್ಟುತ್ತದೆ. ಮೊಬೈಲ್ ರಿಪೇರಿಯವರು ಬಳಸುವ 99ರದ್ದು ಬೇಕು. ಗಾಜಿನ ಪೆಟ್ಟಿಗೆಯನ್ನು ರಾತ್ರಿಯಿಡೀ ಬಚ್ಚಲೊಲೆ ಪಕ್ಕ ಒಣಗಿಸುತ್ತೇನೆ. ಆಲ್ಕೋಹಾಲ್ ಹಾಕುವುದು ಅಲ್ಲಿಂದ ದೂರ ತಂದ ಮೇಲೆಯೇ. ಅಂಚಿಗೆ ಏನು ಹಚ್ಚುತ್ತೇನೆ ಅನ್ನುವುದು ಸದ್ಯಕ್ಕೆ ನನ್ನ ಹತ್ತಿರವೇ ಇರಲಿ. ಕ್ಲೌಡ್ ಚೇಂಬರ್ ಕಂಡುಹಿಡಿದ ವಿಜ್ಞಾನಿ ವಿಲ್ಸನ್ನರಿಗೆ ಇದರ ಯೋಚನೆ ಹುಟ್ಟಿದ್ದೇ 1894ರಲ್ಲಿ, ಸ್ಕಾಟ್ಲೆಂಡಿನ ಬೆನ್ ನೆವಿಸ್ ಬೆಟ್ಟದ ಮಂಜು ನೋಡಿ. ಆಗುಂಬೆ ಪಕ್ಕದಲ್ಲಿದ್ದುಕೊಂಡು ಮಂಜು ನಮಗೆ ಅಡ್ಡಿ ಅನ್ನುವ ಮಾತನ್ನು ನಾನು ಯಾವತ್ತೂ ಒಪ್ಪಿದವನಲ್ಲ.

ಗೆರೆ ಮಸುಕಾಗಿದ್ದರೆ ಸೊಳ್ಳೆ ಬ್ಯಾಟಿನ ಸರ್ಕ್ಯೂಟ್ ಬಿಚ್ಚಿ, ಅದರ ಹೆಚ್ಚು ವೋಲ್ಟೇಜನ್ನು ಪೆಟ್ಟಿಗೆಯ ಮೇಲ್ಭಾಗದಲ್ಲಿಟ್ಟ ಜಾಲರಿಗೂ ತಟ್ಟೆಗೂ ಕೊಡಿ. ಹಳೆಯ ಅಯಾನುಗಳು (ಕಣ ಹಾದಾಗ ಉಳಿಯುವ ಚಾರ್ಜು ಹೊತ್ತ ಅಣುಗಳು) ಗುಡಿಸಿಹೋಗಿ ಹೊಸ ಗೆರೆ ಚೊಕ್ಕವಾಗಿ ಏಳುತ್ತದೆ. ವೈರು ಮುಟ್ಟುವ ಮುಂಚೆ ಕೆಪಾಸಿಟರ್ ಖಾಲಿ ಮಾಡಿಕೊಳ್ಳಿ, ಕಿಡಿಯ ಹತ್ತಿರ ಆಲ್ಕೋಹಾಲ್ ಆವಿ ಸುಳಿಯದ ಹಾಗೆ ನೋಡಿಕೊಳ್ಳಿ.

ವಿಕಿರಣದ ಮೂಲವಾಗಿ ಇಟ್ಟಿದ್ದು ವೆಲ್ಡಿಂಗಿನ ಕೆಂಪು ತುದಿಯ ಟಂಗ್‌ಸ್ಟನ್ ರಾಡು, ಅದರಲ್ಲಿ ಸುಮಾರು 2 ಪರ್ಸೆಂಟ್ ವಿಕಿರಣ ಸೂಸುವ ಥೋರಿಯಂ. ಅದರ ಮೈಯಿಂದ ಎರಡು ಮೂರು ಸೆಂಟಿಮೀಟರ್ ಉದ್ದದ ದಪ್ಪ ಬಿಳಿ ಗೆರೆ ಚಿಮ್ಮುತ್ತದೆ, ನೆಟ್ಟಗೆ: ಎರಡು ಪ್ರೋಟಾನ್, ಎರಡು ನ್ಯೂಟ್ರಾನ್ ಸೇರಿದ ಆಲ್ಫಾ. ಎಲೆಕ್ಟ್ರಾನಿಗಿಂತ ಏಳು ಸಾವಿರ ಪಟ್ಟು ಮೀರಿದ ತೂಕ, ಹಾಗಾಗಿ ದಾರಿ ಬಿಟ್ಟು ಅತ್ತಿತ್ತ ಹೋಗುವುದಿಲ್ಲ. ಎಲೆಕ್ಟ್ರಾನಿನದು ಕೂದಲೆಳೆಯಷ್ಟು ಸಣ್ಣ, ಡಿಕ್ಕಿಗೊಂದು ತಿರುವು. ರಾಡು ತೆಗೆದಿಟ್ಟ ಮೇಲೂ ಆಗಾಗ ತಟ್ಟೆಯ ಈ ತುದಿಯಿಂದ ಆ ತುದಿಗೆ ನೇರ ಗೆರೆ ಬರುತ್ತದಲ್ಲ, ಅವುಗಳಲ್ಲಿ ಹೆಚ್ಚಿನವು ಮ್ಯೂವಾನ್, ಬಾಹ್ಯಾಕಾಶದ ಕಿರಣಗಳು ಮೇಲಿನ ಗಾಳಿಗೆ ಬಡಿದಾಗ ಹುಟ್ಟುವ ಕಣ. ಸಮುದ್ರಮಟ್ಟದಲ್ಲಿ ಚದರ ಸೆಂಟಿಮೀಟರಿಗೆ ನಿಮಿಷಕ್ಕೆ ಸುಮಾರು ಒಂದು ಬೀಳುತ್ತದೆ. ಓರೆಯಾಗಿ ಬಂದವು ಮಾತ್ರ ಉದ್ದ ಕಾಣುತ್ತವೆ. ನ್ಯೂಟ್ರಾನಿಗೆ ಚಾರ್ಜಿಲ್ಲ, ಅದು ಗೆರೆ ಬಿಡುವುದಿಲ್ಲ.

ಬಲೂನಿನ ಪ್ರಯೋಗ ನನಗೆ ಎಲ್ಲಕ್ಕಿಂತ ಇಷ್ಟ. ಉಣ್ಣೆಗೆ ಉಜ್ಜಿದ ಬಲೂನನ್ನು ಮುಚ್ಚಿದ ಮಣ್ಣಿನ ಕೋಣೆಯಲ್ಲಿ ಅರ್ಧ ಗಂಟೆ ತೂಗುಹಾಕಿ, ಗಾಳಿ ತೆಗೆದು ಚೇಂಬರಿನಲ್ಲಿಟ್ಟೆ. ನೆಲದಿಂದ ಬರುವ ವಿಕಿರಣದ ಅನಿಲ ರೇಡಾನಿನ ಮರಿಗಳು, ಅಂದರೆ ಅದು ಒಡೆದು ಹುಟ್ಟುವ ಪರಮಾಣುಗಳು, ಅದಕ್ಕೆ ಅಂಟಿರುತ್ತವೆ. ಗೆರೆಗಳು ಧಾರಾಳ ಬಂದವು, ಗಂಟೆ ಕಳೆಯುವುದರೊಳಗೆ ಕಾಲುಭಾಗದಷ್ಟಕ್ಕೆ ಇಳಿದವು. ಮಳೆಗಾಲದಲ್ಲಿ ಉಜ್ಜಿದ ಚಾರ್ಜು ನಿಲ್ಲಲ್ಲ, ಬಲೂನನ್ನೂ ಮೊದಲು ಬಚ್ಚಲೊಲೆಯ ಬಿಸಿಗೆ ಹಿಡಿಯಬೇಕು.

ಹಾಳಾದದ್ದು ಬಿಟ್ಟರೆ ಈಗಿರುವ ಸೆಟ್ಟಿಗೆ ನಾಲ್ಕು ಸಾವಿರ ಮುಟ್ಟಿಲ್ಲ. ಟಂಗ್‌ಸ್ಟನ್ ರಾಡನ್ನು ಮಾತ್ರ ಗ್ರೈಂಡ್ ಮಾಡಬೇಡಿ, ಥೋರಿಯಂ ಧೂಳು ಉಸಿರಲ್ಲಿ ಒಳಗೆ ಹೋಗಬಾರದು.