ವೆಬ್‌ಸೈಟ್ ನೋಡಿದವರಲ್ಲಿ ಫೋನ್ ಮಾಡಿದವರೆಷ್ಟು?

ಕೊಡಗಿನಲ್ಲಿ ಈಗ ಹೋಂಸ್ಟೇ ನಡೆಸುವ ಎಷ್ಟೋ ಮನೆಗಳಿಗೆ ಸ್ವಂತ ವೆಬ್‌ಸೈಟ್ ಇದೆ. ಮಗಳೋ ಅಳಿಯನೋ ಮಾಡಿಕೊಟ್ಟಿರುತ್ತಾರೆ, ಇಲ್ಲವೇ ದುಡ್ಡು ಕೊಟ್ಟು ಮಾಡಿಸಿರುತ್ತಾರೆ. ವರ್ಷ ವರ್ಷ ಡೊಮೇನ್, ಹೋಸ್ಟಿಂಗ್ ಅಂತ ಹಣ ಕಟ್ಟುತ್ತಾರೆ. ಆದರೆ ಅದರಿಂದ ಎಷ್ಟು ಗೆಸ್ಟ್‌ಗಳು ಬಂದರು ಅಂತ ಕೇಳಿದರೆ ಉತ್ತರ ಸಿಗುವುದು ಕಷ್ಟ. ಬುಕಿಂಗ್ ಆ್ಯಪ್‌ಗಳು ಕಡಿದುಕೊಳ್ಳುವ ಕಮಿಷನ್ ಲೆಕ್ಕ ಎಲ್ಲರ ಬಾಯಲ್ಲೂ ಇದೆ. ಕಮಿಷನ್ ಇಲ್ಲದೆ ನೇರವಾಗಿ ಗೆಸ್ಟ್ ತರಬಲ್ಲ ವೆಬ್‌ಸೈಟಿನ ಲೆಕ್ಕ ಮಾತ್ರ ಯಾರೂ ಇಡುತ್ತಿಲ್ಲ. ಇಡಬೇಕು. ಅದಕ್ಕೆ ಬೇಕಾದ ಗೂಗಲ್ ಅನಲಿಟಿಕ್ಸ್, ಅಂದರೆ ಸೈಟಿಗೆ ಎಷ್ಟು ಜನ ಬಂದರು, ಏನು ಒತ್ತಿದರು ಅಂತ ಎಣಿಸುವ ಸಾಧನ, ಉಚಿತವಾಗಿಯೇ ಸಿಗುತ್ತದೆ.

ಮೊದಲು ಗುರಿ ಬರೆದುಕೊಳ್ಳಿ

ಕಂಪ್ಯೂಟರ್ ತೆರೆಯುವ ಮೊದಲು ಒಂದು ಹಾಳೆ ತೆಗೆದುಕೊಳ್ಳಿ. ವೆಬ್‌ಸೈಟಿಗೆ ಬಂದವರು ಏನು ಮಾಡಿದರೆ ನಿಮಗೆ ಲಾಭ? ಹೋಂಸ್ಟೇ ಆದರೆ ವಾಟ್ಸ್ಆ್ಯಪ್ ಬಟನ್ ಒತ್ತಬೇಕು ಅಥವಾ ಫೋನ್ ಮಾಡಬೇಕು. ತೋಟದ ಕಾಫಿಪುಡಿ, ಕರಿಮೆಣಸು, ಜೇನು ಮಾರುವವರಾದರೆ ಆರ್ಡರ್ ಬರಬೇಕು. ಎರಡು, ಹೆಚ್ಚೆಂದರೆ ಮೂರು ಗುರಿ ಸಾಕು. ಎಷ್ಟು ಜನ ಬಂದರು ಎನ್ನುವುದನ್ನು ಗುರಿ ಮಾಡಿಕೊಳ್ಳಬೇಡಿ. ಅಬ್ಬಿ ಜಲಪಾತದ ದಾರಿ ಹುಡುಕುತ್ತಾ ನಿಮ್ಮ ಪುಟಕ್ಕೆ ಬಂದು ಹೋದ ಸಾವಿರ ಜನರಿಗಿಂತ, ರೂಮ್ ಖಾಲಿ ಇದೆಯಾ ಅಂತ ಕೇಳಿದ ಐದು ಜನ ಮುಖ್ಯ.

ಅಕೌಂಟ್ ಮತ್ತು ಕೋಡ್

ಜಿಮೇಲ್ ಇದ್ದರೆ ಅದರಿಂದಲೇ ಅನಲಿಟಿಕ್ಸ್ ಅಕೌಂಟ್ ತೆರೆಯಬಹುದು. ಪ್ರಾಪರ್ಟಿ (ಅನಲಿಟಿಕ್ಸ್‌ನಲ್ಲಿ ನಿಮ್ಮ ಸೈಟಿನ ಲೆಕ್ಕ ಇಡುವ ಜಾಗ) ಮಾಡುವಾಗ ಟೈಮ್‌ಝೋನ್ ಭಾರತ, ಕರೆನ್ಸಿ ರೂಪಾಯಿ ಅಂತ ಆರಿಸಿ. ಆಮೇಲೆ ವೆಬ್ ಡೇಟಾ ಸ್ಟ್ರೀಮ್ (ಸೈಟಿನಿಂದ ಲೆಕ್ಕ ಬರುವ ದಾರಿ) ಸೇರಿಸಿದರೆ 'ಜಿ' ಅಕ್ಷರದಿಂದ ಶುರುವಾಗುವ ಒಂದು ಐಡಿ ಸಿಗುತ್ತದೆ. ವರ್ಡ್‌ಪ್ರೆಸ್ ಬಳಸುವವರು ಗೂಗಲ್‌ನದೇ ಸೈಟ್ ಕಿಟ್ ಪ್ಲಗಿನ್ ಹಾಕಿಕೊಂಡರೆ ಕೋಡ್ ಮುಟ್ಟುವ ಗೋಜೇ ಇಲ್ಲ. ಬೇರೆಯವರಿಂದ ಮಾಡಿಸಿದ ಸೈಟ್ ಆದರೆ ಈ ಐಡಿ ಅವರಿಗೆ ಕಳಿಸಿ, ಹಾಕಿಕೊಡುತ್ತಾರೆ. ಅಕೌಂಟ್ ಮಾತ್ರ ನಿಮ್ಮ ಹೆಸರಿನಲ್ಲೇ ಇರಲಿ. ನಾಳೆ ಅವರು ಕೆಲಸ ಬಿಟ್ಟರೂ ಲೆಕ್ಕ ನಿಮ್ಮ ಕೈಯಲ್ಲಿರುತ್ತದೆ.

ಹಿಂದೆ ಅನಲಿಟಿಕ್ಸ್ ಬಳಸಿದವರು ಈಗಿನದನ್ನು ನೋಡಿ ಗೊಂದಲಪಡುವುದು ಸಹಜ. ಹಳೆಯ ಆವೃತ್ತಿ 2023ರ ಜುಲೈ 1ರಿಂದ ಹೊಸ ಲೆಕ್ಕ ತೆಗೆದುಕೊಳ್ಳುವುದನ್ನು ನಿಲ್ಲಿಸಿತು. ಅಲ್ಲಿ ಗುರಿಗಳಿಗಿದ್ದ 'ಗೋಲ್ಸ್' ಎಂಬ ಹೆಸರು ಹೊಸದರಲ್ಲಿ 'ಕನ್ವರ್ಷನ್ಸ್' ಆಗಿ, 2024ರಲ್ಲಿ 'ಕೀ ಈವೆಂಟ್ಸ್' ಆಯಿತು. ಯೂಟ್ಯೂಬ್‌ನ ಹಳೆಯ ವಿಡಿಯೊ ನೋಡಿಕೊಂಡು ಕಲಿಯುವವರು ಇದನ್ನು ನೆನಪಿಟ್ಟುಕೊಳ್ಳಿ.

ವಾಟ್ಸ್ಆ್ಯಪ್ ಬಟನ್ ಎಣಿಸುವುದು

ಇಲ್ಲಿ ಸ್ವಲ್ಪ ನಿಧಾನವಾಗಿ ಹೋಗೋಣ, ಹೆಚ್ಚಿನವರು ಎಡವುವುದು ಇಲ್ಲೇ. ಡೇಟಾ ಸ್ಟ್ರೀಮ್ ಒಳಗೆ 'ಎನ್‌ಹ್ಯಾನ್ಸ್ಡ್ ಮೆಷರ್‌ಮೆಂಟ್' ಆನ್ ಇದ್ದರೆ, ನಿಮ್ಮ ಸೈಟಿನಿಂದ ಹೊರಗಿನ ಸೈಟಿಗೆ ಹೋಗುವ ಪ್ರತಿ ಲಿಂಕ್ ಒತ್ತಿದಾಗಲೂ 'ಕ್ಲಿಕ್' ಎಂಬ ಈವೆಂಟ್ (ಸೈಟಿನಲ್ಲಿ ಯಾರೋ ಮಾಡಿದ ಒಂದು ಕ್ರಿಯೆ) ತಾನಾಗಿಯೇ ದಾಖಲಾಗುತ್ತದೆ. ವಾಟ್ಸ್ಆ್ಯಪ್ ಬಟನ್ನೂ ಅದರಲ್ಲಿ ಬರುತ್ತದೆ. ಆದರೆ ಗೂಗಲ್ ಮ್ಯಾಪ್, ಇನ್‌ಸ್ಟಾಗ್ರಾಂ ಲಿಂಕ್‌ಗಳೂ ಅದೇ ಹೆಸರಲ್ಲಿ ಬರುತ್ತವೆ. ಹಾಗಾಗಿ 'ಕ್ಲಿಕ್' ಅನ್ನೇ ಗುರಿ ಮಾಡಿಬಿಟ್ಟರೆ ಮ್ಯಾಪ್ ನೋಡಿದವರೂ ಗೆಸ್ಟ್‌ಗಳ ಲೆಕ್ಕಕ್ಕೆ ಸೇರುತ್ತಾರೆ.

ಅದಕ್ಕೆ ಅಡ್ಮಿನ್‌ನಲ್ಲಿ ಈವೆಂಟ್ಸ್‌ಗೆ ಹೋಗಿ ಹೊಸ ಈವೆಂಟ್ ಮಾಡಿ. ಹೆಸರು 'ವಾಟ್ಸ್ಆ್ಯಪ್ ಕ್ಲಿಕ್' ಅಂತಿರಲಿ. ಇಂಗ್ಲಿಷ್‌ನ ಸಣ್ಣ ಅಕ್ಷರಗಳಲ್ಲಿ ಬರೆಯಿರಿ, ಎರಡು ಪದಗಳ ನಡುವೆ ಜಾಗ ಬಿಡದೆ ಅಂಡರ್‌ಸ್ಕೋರ್ ಹಾಕಿ. ಎರಡು ಷರತ್ತು ಕೊಡಿ: ಈವೆಂಟ್ ಹೆಸರು 'ಕ್ಲಿಕ್' ಆಗಿರಬೇಕು, ಲಿಂಕ್ ಯುಆರ್‌ಎಲ್‌ನಲ್ಲಿ ನಿಮ್ಮ ಬಟನ್ನಿನ ವಾಟ್ಸ್ಆ್ಯಪ್ ವಿಳಾಸ ಇರಬೇಕು. ಸೇವ್ ಮಾಡಿ. ಈಗ ಈ ಹೊಸ ಈವೆಂಟನ್ನು ಕೀ ಈವೆಂಟ್ ಅಂತ ಗುರುತು ಮಾಡಿ. ಎಣಿಸುವ ವಿಧಾನ ಕೇಳಿದರೆ 'ಒಂದು ಸೆಷನ್‌ಗೆ ಒಮ್ಮೆ' ಎನ್ನುವುದನ್ನು ಆರಿಸಿ. ಸೆಷನ್ ಅಂದರೆ ಒಬ್ಬರು ಸೈಟಿಗೆ ಒಮ್ಮೆ ಬಂದು ಹೋಗುವ ಭೇಟಿ. ಒಬ್ಬರೇ ಮೂರು ಸಲ ಒತ್ತಿದರೆ ಮೂರು ಗೆಸ್ಟ್ ಆಗುವುದಿಲ್ಲ, ಅಲ್ವಾ?

ಫೋನ್ ನಂಬರ್ ಒತ್ತಿದ್ದು ಹೀಗೆ ತಾನಾಗಿ ದಾಖಲಾಗುವುದಿಲ್ಲ. ಅದಕ್ಕೆ ಗೂಗಲ್‌ನದೇ ಇನ್ನೊಂದು ಸಾಧನ, ಗೂಗಲ್ ಟ್ಯಾಗ್ ಮ್ಯಾನೇಜರ್ ಬಳಸಬಹುದು. 'ಟೆಲ್' ಎಂದು ಶುರುವಾಗುವ ಲಿಂಕ್ ಒತ್ತಿದಾಗ ಅನಲಿಟಿಕ್ಸ್‌ಗೆ ಒಂದು ಈವೆಂಟ್ ಕಳಿಸು ಅಂತ ಅಲ್ಲಿ ಟ್ರಿಗರ್ (ಯಾವಾಗ ಕಳಿಸಬೇಕು), ಟ್ಯಾಗ್ (ಏನು ಕಳಿಸಬೇಕು) ಮಾಡಬೇಕು. ತಿಳಿದವರಿಗೆ ಅರ್ಧ ಗಂಟೆಯ ಕೆಲಸ, ಅವರಿಂದಲೇ ಮಾಡಿಸಿಕೊಳ್ಳಿ. ಆನ್‌ಲೈನ್ ಪಾವತಿ ಇರುವ ಅಂಗಡಿಯಾದರೆ 'ಪರ್ಚೇಸ್' ಈವೆಂಟ್ ಮೊದಲೇ ಕೀ ಈವೆಂಟ್ ಆಗಿರುತ್ತದೆ. ಆರ್ಡರ್ ಆದಾಗ ಮೊತ್ತದ ಜೊತೆ ಅದು ಹೋಗುವಂತೆ ನೋಡಿಕೊಂಡರೆ ಸಾಕು.

ಎಲ್ಲ ಮುಗಿದ ಮೇಲೆ ನಿಮ್ಮ ಮೊಬೈಲ್‌ನಲ್ಲಿ ಸೈಟ್ ತೆರೆದು ಬಟನ್ ಒತ್ತಿ. 'ರಿಯಲ್‌ಟೈಮ್' ವರದಿಯಲ್ಲಿ ಸ್ವಲ್ಪ ಹೊತ್ತಿನಲ್ಲೇ ಕಾಣಿಸಬೇಕು. ಉಳಿದ ವರದಿಗಳಿಗೆ 24ರಿಂದ 48 ಗಂಟೆ ಬೇಕಾಗುತ್ತದೆ, ಗಾಬರಿಯಾಗಬೇಡಿ. ಗುರುತು ಮಾಡಿದ ದಿನದಿಂದ ಮಾತ್ರ ಲೆಕ್ಕ ಶುರು, ಹಿಂದಿನ ತಿಂಗಳದ್ದು ಸಿಗುವುದಿಲ್ಲ. ಆದ್ದರಿಂದ ಸೀಸನ್ ಶುರುವಾಗುವ ಮೊದಲೇ ಇದನ್ನು ಮುಗಿಸಿಬಿಡಿ.

ಯಾವ ದಾರಿಯಿಂದ ಬಂದರು?

'ಟ್ರಾಫಿಕ್ ಅಕ್ವಿಸಿಷನ್' ವರದಿಯಲ್ಲಿ ಗೂಗಲ್‌ನಿಂದ ಎಷ್ಟು, ಇನ್‌ಸ್ಟಾಗ್ರಾಂನಿಂದ ಎಷ್ಟು ಅಂತ ಕಾಣುತ್ತದೆ. ಪ್ರತಿ ಸಾಲಿನ ಮುಂದೆ ಕೀ ಈವೆಂಟ್ ಸಂಖ್ಯೆಯೂ ಇರುತ್ತದೆ. ಕಣ್ಣಿಡಬೇಕಾದ್ದು ಆ ಕಾಲಂ ಮೇಲೆ. ಆದರೆ ವಾಟ್ಸ್ಆ್ಯಪ್ ಗ್ರೂಪ್‌ಗಳಲ್ಲಿ ನೀವು ಹಂಚಿದ ಲಿಂಕ್‌ನಿಂದ ಬಂದವರು ಸಾಮಾನ್ಯವಾಗಿ 'ಡೈರೆಕ್ಟ್' ಅಂತ ಬೀಳುತ್ತಾರೆ, ಎಲ್ಲಿಂದ ಬಂದರು ಅಂತ ತಿಳಿಯುವುದಿಲ್ಲ. ಇದಕ್ಕೆ ಯುಟಿಎಂ, ಅಂದರೆ ಎಲ್ಲಿಂದ ಬಂದರು ಅಂತ ತಿಳಿಸುವ ಗುರುತು, ಇರುವ ಲಿಂಕ್ ಮಾಡಿ. ಗೂಗಲ್‌ನ 'ಕ್ಯಾಂಪೇನ್ ಯುಆರ್‌ಎಲ್ ಬಿಲ್ಡರ್' ಪುಟದಲ್ಲಿ ಮೂಲ, ಮಾಧ್ಯಮ, ಕ್ಯಾಂಪೇನ್ ಹೆಸರು ತುಂಬಿದರೆ ಲಿಂಕ್ ಸಿದ್ಧ. ಮಡಿಕೇರಿ ದಸರಾಕ್ಕೆ ಒಂದು, ಡಿಸೆಂಬರ್ ರಜೆಗೆ ಒಂದು ಅಂತ ಬೇರೆ ಬೇರೆ ಮಾಡಿ ಹಂಚಿ. ಯಾವುದರಿಂದ ವಿಚಾರಣೆ ಬಂತು ಅಂತ ಆಗ ಗೊತ್ತಾಗುತ್ತದೆ.

ಮಳೆಗಾಲವನ್ನು ಬೇಸಿಗೆಗೆ ಹೋಲಿಸಬೇಡಿ

ಮೇ ತಿಂಗಳಲ್ಲಿ 40 ವಿಚಾರಣೆ ಬಂದು ಜುಲೈನಲ್ಲಿ 15 ಬಂದರೆ ವೆಬ್‌ಸೈಟ್ ಕೆಟ್ಟಿತು ಅಂತಲ್ಲ. ನಮ್ಮಲ್ಲಿ ಶಾಲೆಯ ರಜೆ, ಲಾಂಗ್ ವೀಕೆಂಡ್, ಮಳೆ ಇವೇ ಜನರನ್ನು ತರುವುದು, ತಡೆಯುವುದು. ಈ ಜುಲೈಯನ್ನು ಕಳೆದ ಜುಲೈ ಜೊತೆ ಇಟ್ಟು ನೋಡಿ. 2018ರ ಆಗಸ್ಟ್‌ನಂತೆ ಭೂಕುಸಿತವಾಗಿ ರಸ್ತೆಗಳೇ ಹೋದ ತಿಂಗಳನ್ನು ಹೋಲಿಕೆಯಿಂದ ಬಿಟ್ಟುಬಿಡಿ. 'ಎಕ್ಸ್‌ಪ್ಲೋರ್' ವಿಭಾಗದಲ್ಲಿ ವಿವರವಾದ ಡೇಟಾ ಉಳಿಯುವ ಅವಧಿ ಮೊದಲಿಗೆ 2 ತಿಂಗಳು ಮಾತ್ರ ಇರುತ್ತದೆ. ಅಡ್ಮಿನ್‌ನಲ್ಲಿ 'ಡೇಟಾ ರಿಟೆನ್ಷನ್'ಗೆ ಹೋಗಿ 14 ತಿಂಗಳು ಮಾಡಿಕೊಳ್ಳಿ.

ಸಂಖ್ಯೆಗಿಂತ ಪ್ರಮಾಣ ಹೆಚ್ಚು ಹೇಳುತ್ತದೆ. 500 ಸೆಷನ್‌ನಲ್ಲಿ 10 ವಾಟ್ಸ್ಆ್ಯಪ್ ಕ್ಲಿಕ್ ಅಂದರೆ ಶೇ 2. ಮಳೆಗಾಲದಲ್ಲಿ 200 ಸೆಷನ್‌ಗೆ 6 ಬಂದರೆ ಶೇ 3, ಅಂದರೆ ಸೈಟ್ ಚೆನ್ನಾಗಿಯೇ ಕೆಲಸ ಮಾಡುತ್ತಿದೆ. ಪ್ರಮಾಣವೇ ಇಳಿದಿದ್ದರೆ ಸೈಟಿನಲ್ಲಿ ಹುಡುಕಿ. ಬಟನ್ ಮೊಬೈಲ್‌ನಲ್ಲಿ ತೀರಾ ಕೆಳಗೆ ಹೋಗಿದೆಯಾ? ಫೋಟೊಗಳು ಭಾರವಾಗಿ ಪುಟ ತೆರೆಯಲು ಹೊತ್ತಾಗುತ್ತಿದೆಯಾ? ರೂಮಿನ ದರವೇ ಹಾಕಿಲ್ಲವಾ? ದರ ಕಾಣದಿದ್ದರೆ ಎಷ್ಟೋ ಜನ ಸುಮ್ನೆ ಮುಂದಿನ ಹೋಂಸ್ಟೇಗೆ ಹೋಗಿಬಿಡುತ್ತಾರೆ. ಒಂದು ಸಲಕ್ಕೆ ಒಂದನ್ನೇ ಬದಲಿಸಿ, ಕೆಲವು ವಾರ ಬಿಟ್ಟು ನೋಡಿ. ಎಲ್ಲ ಒಟ್ಟಿಗೆ ಬದಲಿಸಿದರೆ ಯಾವುದರಿಂದ ಫಲ ಸಿಕ್ಕಿತು ಅಂತ ತಿಳಿಯುವುದೇ ಇಲ್ಲ.

ಪುಸ್ತಕವನ್ನೂ ಇಡಿ

ಅನಲಿಟಿಕ್ಸ್‌ಗೆ ಬಟನ್ ಒತ್ತಿದ್ದು ಮಾತ್ರ ಗೊತ್ತು. ಆಮೇಲೆ ಗೆಸ್ಟ್ ಬಂದರಾ, ಎಷ್ಟು ರಾತ್ರಿ ಉಳಿದರು ಅನ್ನುವುದು ನಿಮ್ಮ ರಿಜಿಸ್ಟರ್‌ನಲ್ಲಿರುತ್ತದೆ. ಎರಡನ್ನೂ ಜೋಡಿಸಲು ಒಂದು ಸುಲಭ ದಾರಿ ಇದೆ. ವಾಟ್ಸ್ಆ್ಯಪ್ ಲಿಂಕ್‌ನಲ್ಲೇ 'ನಿಮ್ಮ ವೆಬ್‌ಸೈಟ್ ನೋಡಿದೆ, ರೂಮ್ ಬಗ್ಗೆ ತಿಳಿಯಬೇಕಿತ್ತು' ಎಂಬ ಮೆಸೇಜ್ ಮೊದಲೇ ತುಂಬಿಡಬಹುದು. ಗೆಸ್ಟ್ ಕಳಿಸು ಒತ್ತಿದರೆ ಸಾಕು. ಆ ಮೆಸೇಜ್ ಬಂದ ಬುಕಿಂಗ್‌ಗಳ ಮುಂದೆ ರಿಜಿಸ್ಟರ್‌ನಲ್ಲಿ 'ವೆ' ಅಂತ ಬರೆಯಿರಿ. ಗೆಸ್ಟ್ ಹೆಸರು, ಫೋನ್ ನಂಬರ್ ಮಾತ್ರ ಅನಲಿಟಿಕ್ಸ್‌ಗೆ ಹೋಗುವಂತೆ ಮಾಡಬೇಡಿ, ಗೂಗಲ್ ನಿಯಮ ಅದಕ್ಕೆ ಒಪ್ಪುವುದಿಲ್ಲ. ತಿಂಗಳ ಕೊನೆಗೆ 'ವೆ' ಎಷ್ಟು, ಕ್ಲಿಕ್ ಎಷ್ಟು ಅಂತ ಪಕ್ಕಪಕ್ಕ ಬರೆದುಕೊಳ್ಳಿ. ಕ್ಲಿಕ್ ಜಾಸ್ತಿ ಇದ್ದು ಬುಕಿಂಗ್ ಕಡಿಮೆ ಇದ್ದರೆ, ಮೆಸೇಜ್ ಬಂದ ಎಷ್ಟು ಹೊತ್ತಿಗೆ ಉತ್ತರ ಕೊಡುತ್ತಿದ್ದೀರಿ ಅಂತ ಮೊದಲು ನೋಡಿ.